ಟೈರಂಗಡಿಯಲ್ಲಿ ನನ್ನ ಕಿವಿ

ನಂಬಬೇಡಿ. ನಾನೇ ಹೇಳುತ್ತಿದ್ದೇನೆ, ತಾಕತ್ತಿದ್ದರೆ ಒಂದಕ್ಷರವೂ ನಂಬದೆ ಕೊನೆಯವರೆಗೆ ಓದಿ, ನೋಡೋಣ. ಇಂಥವು ಬೇರೆಯವರಿಗೆ ಜನ್ಮಕ್ಕೊಂದು ನಡೆದರೆ ಹೆಚ್ಚು. ನನಗೆ ವಾರಕ್ಕೊಂದು ತಪ್ಪಿದ್ದಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಯೂನಿಯನ್ ಸಿಟಿಯಲ್ಲಿ ಅಕ್ಕ-ಭಾವನ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಒಂದು ಟೈರಂಗಡಿಯಲ್ಲಿ ಕೆಲಸಕ್ಕಿದ್ದೆ. ಭಾವನ ಸ್ನೇಹಿತರೆಲ್ಲ ಇಂಜಿನಿಯರು, ಡಾಕ್ಟರು. ನಾನು ಮಂಡ್ಯದ ಕಡೆ ಹಳ್ಳಿಯವನು. ಕತ್ತಲಲ್ಲಿ ಎತ್ತಿನ ಗಾಡಿ ಹೋದರೆ ಬರೀ ಕಿರ್ರೆನ್ನುವ ಸದ್ದಿನ ಮೇಲೆ ಅದು ಯಾರ ಮನೆ ಗಾಡಿ, ಯಾವ ಚಕ್ರದ ಕೀಲೆಣ್ಣೆ ಒಣಗಿದೆ ಎಂದು ಹೇಳುತ್ತಿದ್ದವನು. ಅಂಥ ಕಿವಿ ಇಡೀ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಜೊತೆ ಇರಲಿಲ್ಲ. ಇದ್ದರೆ ಬರಲಿ, ಪಂದ್ಯ ಕಟ್ಟೋಣ.

ಅಂಥವನನ್ನು ಯಜಮಾನ ಹಿಂದುಗಡೆ ಶೆಡ್ಡಿನಲ್ಲಿ ಟೈರು ಕಳಚಲು ನಿಲ್ಲಿಸಿದ್ದ. ಮುಂದೆ ಗಾಜಿನ ಕೋಣೆಯಲ್ಲಿ, ಗಿರಾಕಿಗಳ ಜೊತೆ ಮಾತಾಡುವವನಿಗೆಂದು ಒಂದು ತಿರುಗು ಕುರ್ಚಿಯಿತ್ತು. ಅದರಲ್ಲಿ ಕೂರುತ್ತಿದ್ದ ಮುದುಕ ಕೆಲಸ ಬಿಟ್ಟು ಗಿಲ್‌ರಾಯ್ ಕಡೆ ಹೋದ. ಖಾಲಿ ಕುರ್ಚಿಯ ಮೇಲೆ ಯಜಮಾನನ ತಂಗಿಯ ಮಗನಿಗೂ ಕಣ್ಣು, ನನಗೂ ಕಣ್ಣು. ಯಜಮಾನ ನನ್ನನ್ನು ಕರೆದು ಹೇಳಿದ: "ನಿಮ್ಮ ಜನ ಹೊಸ ಟೈರು ಹಾಕಿಸ್ಕೊಂಡು ಹೋಗ್ತಾರೆ, ಆಮೇಲೆ ಸದ್ದು, ಸದ್ದು ಅಂತ ವಾಪಸ್ ಬರ್ತಾರೆ. ಈ ಬೇಸಿಗೆ ಅವರೆಲ್ಲ ನಿನ್ನ ಪಾಲು. ಕೊನೆಗೆ ಒಂದು ದೂರೂ ಉಳೀಲಿಲ್ಲ ಅಂದ್ರೆ ಕುರ್ಚಿ ನಿಂದು. ಒಂದು ಉಳಿದ್ರೂ ಅವನದು."

ಇಷ್ಟೇ ತಾನೇ ಎಂದೆ. ಆ ಕುರ್ಚಿಯ ಮೆತ್ತೆ ಆಗಲೇ ನನ್ನ ಬೆನ್ನಿಗೆ ತಗಲಿದ ಹಾಗಿತ್ತು.

೧. ಕೊಸರು

ಮೊದಲು ಬಂದವರು ಬೆಂಗಳೂರಿನ ಒಬ್ಬ ಇಂಜಿನಿಯರು, ಹೆಂಡತಿ ಸಮೇತ. ನನ್ನ ಬಣ್ಣ, ಮೀಸೆ ನೋಡಿ ಮೆಕ್ಸಿಕೋದವನೆಂದುಕೊಂಡರು. ಆಕೆ ನನ್ನೆದುರೇ ಗಂಡನಿಗೆ ಕನ್ನಡದಲ್ಲಿ, "ರೀ, ಇವನ ಮುಖ ನೋಡಿದ್ರೇ ಮೋಸ ಮಾಡ್ತಾನೆ ಅನ್ಸುತ್ತೆ" ಎಂದರು.

"ಮೋಸ ಮಾಡೋ ಮುಖ ಒಳಗೆ ಕೂತಿದೆ ಅಮ್ಮಾ, ನಂದು ಟೈರು ಹಾಕೋ ಮುಖ" ಎಂದೆ. ಆಕೆ ಆಮೇಲೆ ಕಾರಿನಿಂದ ಇಳಿಯಲಿಲ್ಲ.

ಇಂಜಿನಿಯರಿಗೆ ಎಲ್ಲ ಋತುವಿಗೂ ಆಗುವ ಟೈರೇ ಬೇಕು. ಈ ಊರಿನಲ್ಲಿ ಇರುವುದೇ ಒಂದು ಋತು, ಸಂಜೆಗೊಂದು ಸ್ವೆಟರು. ಆದರೂ ಹಿಮದಲ್ಲಿ ಹಿಡಿತ ಹೇಗೆ ಎಂದು ಕೇಳಿದರು. ಹಿಮ ಬೀಳುವ ಕಡೆ ಹೋಗುತ್ತೀರಾ ಎಂದೆ. ಇಲ್ಲವಂತೆ, ಹೆಂಡತಿಗೆ ಥಂಡಿ ಆಗಿಬರುವುದಿಲ್ಲವಂತೆ. ಹಿಮವನ್ನು ಅವರು ನೋಡಿದ್ದೇ ಕ್ಯಾಲೆಂಡರಿನಲ್ಲಿ. ಕಾರು ಓಡುವುದು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ. ನಮ್ಮೂರಿನಲ್ಲಿ ಅಷ್ಟು ದೂರಕ್ಕೆ ಚಪ್ಪಲಿಯನ್ನೂ ಮೆಟ್ಟುವುದಿಲ್ಲ.

ಪ್ರತಿ ಶನಿವಾರ ಬಂದು ಟೈರುಗಳನ್ನು ಬದನೆಕಾಯಿಯ ಹಾಗೆ ಹೆಬ್ಬೆರಳಿನಿಂದ ಒತ್ತಿ, ತೆಂಗಿನಕಾಯಿಯ ಹಾಗೆ ತಟ್ಟಿ ಕೇಳಿ, ಹೋಗುತ್ತಿದ್ದರು. ಅಂತೂ ಒಂದು ದಿನ ನಾಲ್ಕು ಟೈರು ಆರಿಸಿ, ಹಾಕಿಸಿಕೊಂಡು, ಹೋಗದೆ ನಿಂತರು. ಏನು ಸಾರ್ ಎಂದೆ. ನಾಲ್ಕು ತಗೊಂಡಿದ್ದೀನಲ್ಲ, ಕೊಸರು ಏನೂ ಇಲ್ಲವೇ ಎಂದರು. ಸೊಪ್ಪಿನವಳು ಕೂಡ ಎರಡೆಸಳು ಕರಿಬೇವು ಹಾಕುತ್ತಾಳಂತೆ.

ಗಾಳಿ ತುಂಬುವ ಬಾಯಿಗೆ ಹಾಕುವ ಕರೀ ಮುಚ್ಚಳ ಒಂದು ಹಿಡಿ ತಂದು ಕೈಗೆ ಸುರಿದೆ. ಅವರು ಬಿಸಿಲಿಗೆ ಹಿಡಿದು ಒಂದೊಂದೇ ನೋಡಿ, ಒಂದನ್ನು ವಾಪಸ್ ಕೊಟ್ಟರು. ಅದರ ಮೇಲೆ ಗೀರು ಬಿದ್ದಿತ್ತಂತೆ.

೨. ಟಪ್ ಟಪ್

ಎರಡನೆಯವರು ಬರ್ಕ್ಲಿಯಲ್ಲಿ ಪಾಠ ಹೇಳುವ, ಉಡುಪಿ ಕಡೆಯ ಪ್ರೊಫೆಸರು. ಟೈರು ಹಾಕಿಸಿಕೊಂಡ ವಾರವೇ ವಾಪಸ್ ಬಂದರು. ಕಾರು ನಿಧಾನ ಹೋದರೆ ಟಪ್... ಟಪ್, ಜೋರು ಹೋದರೆ ಟಪಟಪಟಪ. ಕಂಪನದ ಬಗ್ಗೆ ಅವರು ನನಗೆ ಅರ್ಧ ಗಂಟೆ ಪಾಠ ಮಾಡಿದರು. ನೆಲದ ಮೇಲೆ ಬೆರಳಿನಿಂದ ಚಿತ್ರ ಬರೆದರು. ಕಾರಿನ ಉದ್ದ, ರಸ್ತೆಯ ಸಿಮೆಂಟು ಹಲಗೆಗಳ ಉದ್ದ ಎಲ್ಲ ಅದರಲ್ಲಿ ಬಂತು. ಯಜಮಾನನ ತಂಗಿಯ ಮಗ ಗಾಜಿನ ಹಿಂದಿನಿಂದ ನೋಡಿ ನಗುತ್ತಿದ್ದ.

ನಾನು ಕಾರನ್ನು ಎತ್ತಿ ಚಕ್ರ ತಿರುಗಿಸಿದೆ. ಹೊಸ ಟೈರಿನ ಮೇಲೆ ಕಂಪೆನಿಯವರು ಅಂಟಿಸಿದ ಕಾಗದದ ಚೀಟಿ ಇರುತ್ತದೆ. ಎರಡು ದಿನ ಓಡಿದರೆ ತಾನೇ ಸವೆದು ಹೋಗುತ್ತದೆ. ಇಲ್ಲಿ ಹೋಗಿರಲಿಲ್ಲ. ಯಾರೋ ಅದರ ಮೇಲೆ ಪಾರ್ಸೆಲ್ ಕಟ್ಟುವ ದಪ್ಪ ಟೇಪನ್ನು ಸುತ್ತಿದ್ದರು. ಟೇಪಿನ ತುದಿ ಬಿಟ್ಟುಕೊಂಡು ರಸ್ತೆಗೆ ಬಡಿಯುತ್ತಿತ್ತು. ಇದನ್ನು ಯಾರು ಸುತ್ತಿದ್ದು ಸಾರ್ ಎಂದೆ.

ಪ್ರೊಫೆಸರು ಕನ್ನಡಕ ಒರೆಸಿದರು. ಭಾನುವಾರ ಷಡ್ಡಕ ಬರುವವನಿದ್ದಾನೆ, ಅವನು ನೋಡುವತನಕವಾದರೂ ಹೊಸದು ಅಂತ ಗೊತ್ತಾಗಬೇಡವೇ ಎಂದರು.

ಕಿತ್ತು ಕೊಟ್ಟೆ. ಸದ್ದು ಹೋಯಿತು. ಅವರು ಚೀಟಿಯನ್ನು ಎಸೆಯಲು ಬಿಡಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಹಿಂದಿನ ಗಾಜಿನ ಒಳಗಡೆ, ಹೊರಗಿನವರಿಗೆ ಕಾಣುವ ಹಾಗೆ ಅಂಟಿಸಿಕೊಂಡು ಹೋದರು.

೩. ಎಲ್ಲಿಂದ ಬರುತ್ತೆ?

ಬೇಸಿಗೆ ಮುಗಿಯುತ್ತ ಬಂತು. ಒಂದು ದೂರೂ ಉಳಿದಿರಲಿಲ್ಲ. ಆಗ ಬಂದರು ಮೈಸೂರಿನ ಡಾಕ್ಟರಮ್ಮ. ಅವರ ಹಳೇ ಟೈರುಗಳು ಹಲ್ಲುಹಲ್ಲಾಗಿ ಸವೆದು, ಕಾರು ಎರಡು ಬೀದಿ ಆಚೆಯಿಂದಲೇ ಊಳಿಡುತ್ತ ಬಂತು. ಇದ್ದುದರಲ್ಲಿ ತುಂಬಾ ಮೆತ್ತನೆಯದು, ಎಲ್ಲ ಋತುವಿನದು, ನಾನೇ ಆರಿಸಿ ಹಾಕಿದೆ. ವಾರದಲ್ಲಿ ವಾಪಸ್ ಬಂದು, ಸದ್ದು ತಡೆಯಕ್ಕಾಗ್ತಿಲ್ಲಪ್ಪಾ ಎಂದರು.

ನಾನೊಬ್ಬನೇ ಓಡಿಸಿ ನೋಡಿದೆ. ಬೆಣ್ಣೆಯ ಮೇಲೆ ಹೋದ ಹಾಗಿತ್ತು. ಚಕ್ರದ ತೂಕ ಸರಿಮಾಡಿದೆ, ಬೇರಿಂಗು ಬಿಚ್ಚಿ ನೋಡಿದೆ, ಕಳಿಸಿದೆ. ಮತ್ತೆ ಬಂದರು. ಈ ಸಲ ತಂಗಿಯ ಮಗ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿದ. ನನಗೆ ಮೈಯೆಲ್ಲ ಉರಿಯಿತು. ನೀವು ದಿನಾ ಹೇಗೆ ಹೋಗ್ತೀರೋ ಹಾಗೇ ಹೋಗಿ ಅಮ್ಮಾ, ನಾನು ಹಿಂದೆ ಕೂತು ಕೇಳ್ತೀನಿ ಎಂದೆ.

ದಿನಾ ಹೋಗುವ ಹಾಗೆ ಎಂದರೆ ಗಂಡನ ಸಮೇತ. ಆತ ಸೇತುವೆ ಕಟ್ಟುವ ಇಂಜಿನಿಯರು. ಡ್ರೈವಿಂಗ್ ಟೆಸ್ಟಿನಲ್ಲಿ ಯಾವತ್ತೂ ಪಾಸಾದವರಲ್ಲ, ಪಾಸಾದವರಿಗೆಲ್ಲ ಪಾಠ ಹೇಳುವವರು. ಡಾಕ್ಟರಮ್ಮ ಎಡಗಡೆ ಸ್ಟೇರಿಂಗಿಗೆ ಕೂತರು, ಗಂಡ ಪಕ್ಕಕ್ಕೆ, ನಾನು ಹಿಂದೆ. ಫ್ರೀವೇ ಹತ್ತಿದೆವು. ನಾನು ಕಣ್ಣು ಮುಚ್ಚಿ ಕಿವಿ ಬಿಟ್ಟೆ.

"ಕನ್ನಡಿ ನೋಡು. ಲಾರಿ, ಲಾರಿ. ಅವನಿಗೆ ದಾರಿ ಬಿಡು. ಯಾಕೆ ಬಿಟ್ಟೆ? ಬ್ರೇಕು. ಬ್ರೇಕು ಅಂದ್ನಲ್ಲ. ಇಷ್ಟು ಜೋರಾಗಿ ಯಾರಾದ್ರೂ ಬ್ರೇಕ್ ಹಾಕ್ತಾರಾ? ಎಡಕ್ಕೆ. ಇದಕ್ಕೇ ನಾನು ಹೇಳೋದು, ನಿಮ್ಮಪ್ಪನೂ ಹೀಗೇ ಓಡಿಸ್ತಿದ್ರು."

ಫ್ರೀಮಾಂಟು ಬರುವ ತನಕ ಆ ಪಾಠ ನಿಲ್ಲಲಿಲ್ಲ. ಡಾಕ್ಟರಮ್ಮ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಕೇಳಿಸ್ತಾ?" ಎಂದರು.

"ಕೇಳಿಸ್ತಮ್ಮಾ."

"ಎಲ್ಲಿಂದ ಬರುತ್ತೆ?"

"ಮುಂದೆ. ಬಲಗಡೆ."

ಗಂಡ ತೊಡೆ ತಟ್ಟಿಕೊಂಡರು. "ನಾನು ಅವತ್ತೇ ಹೇಳ್ಲಿಲ್ವಾ, ಮುಂದಿನ ಬಲಗಡೆ ಬೇರಿಂಗು ಅಂತ?"

ಅಂಗಡಿಗೆ ಬಂದ ಮೇಲೆ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಆ ಹಳೇ ಟೈರುಗಳನ್ನೇ ಹಾಕಿಕೊಡು, ಅವು ಇದ್ದಾಗ ಏನೂ ಕೇಳಿಸುತ್ತಿರಲಿಲ್ಲ ಎಂದರು. ಅವು ಜೀವ ತೆಗೆಯುವ ಟೈರುಗಳು, ಹಾಕಲಾರೆ ಎಂದೆ. ಆದರೆ ಹಿಂದೆ ಶೆಡ್ಡಿನಲ್ಲಿ ಹಿಮದ ಊರುಗಳಿಗೆಂದು ಮಾಡಿದ, ಕೋಸುಗಡ್ಡೆಯಂಥ ಗುಬುಟುಗಳ ಟೈರುಗಳಿದ್ದವು. ಹೊಚ್ಚ ಹೊಸವು. ಬೇಸಿಗೆಯ ಬಿಸಿಲಲ್ಲೇ ಅವನ್ನು ಹಾಕಿದೆ. ಕಾರು ಹಿಟ್ಟಿನ ಗಿರಣಿಯ ಹಾಗೆ ಗುಡುಗುತ್ತ ಹೋಯಿತು. ಡಾಕ್ಟರಮ್ಮ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದು, ಯಜಮಾನನ ಕೈ ಕುಲುಕಿ, ಸದ್ದು ಪೂರ್ತಿ ಹೋಯಿತು, ನಿಮ್ಮ ಹುಡುಗ ಬಂಗಾರ ಎಂದರು. ಯಜಮಾನ ಕಾರನ್ನೊಮ್ಮೆ, ಆಕೆಯ ಕಿವಿಯನ್ನೊಮ್ಮೆ ನೋಡಿದ. ನಾನು ಹೋಗಿ ಕುರ್ಚಿಯ ಧೂಳು ಒರೆಸಿದೆ.

ಬೇಸಿಗೆಯ ಕೊನೇ ಶನಿವಾರ ಗಂಡ ಬಸ್ಸಿನಲ್ಲಿ ಬಂದಿಳಿದರು. ಕಾರಿನಲ್ಲಿ ವಿಪರೀತ ಸದ್ದು, ತಾವು ಹೇಳಿದ ಒಂದು ಮಾತೂ ಹೆಂಡತಿಗೆ ಕೇಳಿಸುತ್ತಿಲ್ಲ ಎಂದು ದೂರು ಕೊಟ್ಟರು. ನಾನು ಯಜಮಾನನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕಣ್ಣೊರೆಸಿಕೊಂಡು, "ಆದರೂ ದೂರು ದೂರೇ" ಎಂದ.

ಕುರ್ಚಿ ತಂಗಿಯ ಮಗನಿಗೆ ಹೋಯಿತು. ಗಂಡ ಅಷ್ಟಕ್ಕೆ ಬಿಡಲಿಲ್ಲ. ಸದ್ದು ಸಿಗುವವರೆಗೆ ತಾವೇ ಜೊತೆಯಲ್ಲಿ ಕೂತು ತೋರಿಸುವುದಾಗಿ ಹೇಳಿದರು. ಡಾಕ್ಟರಮ್ಮ ಸಂತೋಷದಿಂದ ಕಾರನ್ನೂ ತಂದು ಬಿಟ್ಟರು, ಕೀಯನ್ನೂ ಕೊಟ್ಟರು. ಕೊನೆಗೆ ಕುರ್ಚಿಯ ಬದಲು ನನಗೆ ಸಿಕ್ಕಿದ್ದು ಸ್ಟೇರಿಂಗು, ಪಕ್ಕದಲ್ಲಿ ಆ ಗಂಡ, ಪ್ರತಿ ಶನಿವಾರ, ಫ್ರೀಮಾಂಟಿನವರೆಗೆ ಹೋಗಿ ಬರುವಷ್ಟು.