ಕೆಂಪು ನೀರು ಮತ್ತು ಮಾಂಯ್

ನಾನು ಪುಕ್ಕಲ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ, ಇವತ್ತು ಬದುಕಿರುವುದೇ ಹೆದರಿಕೆಯ ದಯೆಯಿಂದ. ಜಿರಳೆಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಆಫೀಸಿನ ಎಚ್ಆರ್ ಮೇಡಂ ‘ಒಂದು ನಿಮಿಷ ಬನ್ನಿ’ ಅಂದರೆ ಊರಿನ ಟಿಕೆಟ್ ಹುಡುಕುತ್ತೇನೆ. ಇವೆಲ್ಲ ಚಿಲ್ಲರೆ. ದೊಡ್ಡ ಹೆದರಿಕೆ ಎರಡೇ. ಒಂದು ನೀರು, ಗುರುಪುರ ಹೊಳೆಯ ದಡದಲ್ಲಿ ಬೆಳೆದರೂ ನನಗೆ ಈಜು ಬಾರದು. ಇನ್ನೊಂದು ನನ್ನ ಅತ್ತೆ, ಹೆಂಡತಿಯ ಅಮ್ಮ. ನಾವು ಕೊಂಕಣಿ ಮಾತಾಡುವ ಕ್ರೈಸ್ತರು ಅತ್ತೆಯನ್ನು ಮಾಂಯ್ ಎಂದು ಕರೆಯುತ್ತೇವೆ. ಆ ವರ್ಷ ಅವರು ವಿಸಿಟ್ ವೀಸಾದಲ್ಲಿ ದುಬೈಯ ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಅದು ಮುಗಿಯುವ ದಿನಕ್ಕೆ ನಾನು ಕ್ಯಾಲೆಂಡರಿನಲ್ಲಿ ಯಾರಿಗೂ ಕಾಣದಷ್ಟು ಸಣ್ಣ ಚುಕ್ಕಿ ಇಟ್ಟಿದ್ದೆ.

ಈಜು ಬಾರದವನಿಗೆ ಮೀನು ಹಿಡಿಯುವ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ಹೆಂಡತಿ ಲವೀನಾ ಮದುವೆಯಾದಂದಿನಿಂದ ಕೇಳುತ್ತಿದ್ದಾಳೆ. ದುಬೈಯಿಂದ ಒಂದೂವರೆ ಗಂಟೆ ದೂರದ ಗುಡ್ಡಗಳ ನಡುವೆ ನನ್ನ ಮೆಚ್ಚಿನ ಹೊಳೆಯೊಂದಿದೆ. ಇಲ್ಲಿಯವರು ವಾದಿ ಅನ್ನುತ್ತಾರೆ. ವರ್ಷವಿಡೀ ಬರೀ ಕಲ್ಲು, ನಡುವೆ ಎರಡು ಗುಂಡಿ ನೀರು, ಅದರಲ್ಲಿ ಬೆರಳುದ್ದದ ಮೀನು. ಹಿಡಿಯುತ್ತೇನೆ, ಬಿಡುತ್ತೇನೆ, ಊರು ನೆನಪಾಗುತ್ತದೆ, ಅಷ್ಟೇ. ಆ ವಾರ ಮೂರು ದಿನ ಮಳೆ ಹೊಯ್ದಿತು. ನಮ್ಮೂರಿನಲ್ಲಿ ಮೊದಲ ಮಳೆಗೆ ಹೊಳೆ ಕೆಂಪಾಗಿ ಕಲಕಿದರೆ ಮೀನು ಏರುತ್ತದೆ ಎಂದೇ ಅರ್ಥ. ನನ್ನ ಕೈ ಸುಮ್ಮನಿರಲಿಲ್ಲ.

ಆಗ ಇಲ್ಲಿ ವಾರದ ರಜೆಯಾಗಿದ್ದ ಶುಕ್ರವಾರ, ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ಗಾಳ ತೆಗೆಯುತ್ತಿದ್ದುದನ್ನು ಮಾಂಯ್ ನೋಡಿದರು. “ಕೆಂಪು ನೀರಿಗೆ ಇಳಿದ ನನ್ನ ತಮ್ಮ ಇವತ್ತಿನವರೆಗೆ ವಾಪಸ್ ಬರ್ಲಿಲ್ಲ. ನೀನು ಹೋಗುದು ಬೇಡ,” ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. “ಛೆ, ಇಲ್ಲ ಮಾಂಯ್, ಆಫೀಸಿನಲ್ಲಿ ಅರ್ಜೆಂಟ್ ಕೆಲಸ ಉಂಟು,” ಎಂದು ಸುಳ್ಳು ಹೇಳಿ, ಗಾಳವನ್ನು ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿ ಹೊರಟೆ. ಮಾಂಯ್ ಟ್ಯಾಕ್ಸಿ ಮಾಡಿಕೊಂಡು ಹಿಂದೆಯೇ ಬಂದರೆ ಎಂದು ದಾರಿಯುದ್ದಕ್ಕೂ ಕಾರಿನ ಕನ್ನಡಿ ನೋಡಿದೆ.

ವಾದಿಯ ನೀರು ಇಲ್ಲಿಯ ಗಟ್ಟಿ ಹಾಲಿನ ಕರಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ನಡುವಿನ ದೊಡ್ಡ ಕಲ್ಲಿನ ಮೇಲೆ ನಿಂತು ಗಾಳ ಹಾಕಿದೆ. ಸ್ವಲ್ಪ ಹೊತ್ತಿಗೆ ಚಪ್ಪಲಿ ಒದ್ದೆಯಾಯಿತು. ನೋಡಿದರೆ ನೀರು ಕಲ್ಲಿನ ನೆತ್ತಿಗೆ ಬಂದಿದೆ, ದಾಟಿ ಬಂದ ದಾರಿ ಮುಳುಗುತ್ತಿದೆ. ಓಡಬೇಕೆಂದು ಗೊತ್ತು, ಕಾಲು ಏಳಲಿಲ್ಲ. ಇಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಗ ದಿಬ್ಬದ ಮೇಲೆ ಆಡು ಮೇಯಿಸುತ್ತಿದ್ದ ಅರಬ್ ಮುದುಕ ಕೈ ಬೀಸಿ ಕೂಗಿದ: “ಮಾಯ್! ಮಾಯ್! ಯಲ್ಲಾ!”

ಹನ್ನೆರಡು ವರ್ಷದಲ್ಲಿ ನಾನು ಕಲಿತ ಅರಬಿ ಮೂರೇ: ಯಲ್ಲಾ ಅಂದರೆ ಬೇಗ, ಖಲಾಸ್ ಅಂದರೆ ಮುಗಿಯಿತು, ಮಾಫಿ ಅಂದರೆ ಇಲ್ಲ. ನನ್ನ ಕಿವಿಗೆ ಬಿದ್ದದ್ದು ಮಾಂಯ್. ಅತ್ತೆ ಬಂದರು, ಬೇಗ. ಗುಡ್ಡದ ಮುದುಕನಿಗೆ ನನ್ನ ಅತ್ತೆಯ ಪರಿಚಯ ಎಲ್ಲಿಯದು ಎಂಬ ಯೋಚನೆ ಬರಲಿಲ್ಲ. ನೀರಿಗೆ ಹೆದರಿ ಮರಗಟ್ಟಿದ್ದ ಕಾಲು ಅತ್ತೆಗೆ ಹೆದರಿ ಓಡಿತು. ಗಾಳ, ಚಪ್ಪಲಿ, ಮಾನ ಎಲ್ಲ ಅಲ್ಲೇ ಬಿಟ್ಟು ದಿಬ್ಬ ಹತ್ತಿ, ಅವರೆಲ್ಲಿ ಎಂದು ಸುತ್ತ ನೋಡಿದೆ. ಮುದುಕ ಕೆಳಗೆ ತೋರಿಸಿದ. ಆಳೆತ್ತರದ ಕೆಸರು ನೀರು ಮರದ ಬೊಡ್ಡೆಗಳನ್ನು ಹೊತ್ತು ಗುಡುಗುತ್ತಾ ಹೋಗುತ್ತಿತ್ತು. ನಾನು ನಿಂತಿದ್ದ ಕಲ್ಲು ಕಾಣಲೇ ಇಲ್ಲ. “ಮಾಯ್,” ಅಂದ ಅವನು ನೀರಿನತ್ತ ಬೆರಳು ಮಾಡಿ, ಮಗುವಿಗೆ ಕಲಿಸುವಂತೆ. ಅರಬಿಯಲ್ಲಿ ನೀರಿಗೆ ಹಾಗನ್ನುತ್ತಾರೆಂದು ಆಗ ತಿಳಿಯಿತು.

ಮನೆಯ ಬಾಗಿಲು ತೆರೆದ ಮಾಂಯ್ ನನ್ನ ಬರಿಗಾಲು ನೋಡಿದರು. “ಆಫೀಸಿನಲ್ಲಿ ಕೆಸರು ಉಂಟಾ?”

ಸುಳ್ಳು ಹೇಳಲು ತ್ರಾಣವಿರಲಿಲ್ಲ. ಅವರಿಗೆ ಹೆದರಿ ಓಡಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಲವೀನಾ ನಕ್ಕಳು, ಆಮೇಲೆ ಅತ್ತಳು. ಮಾಂಯ್ ನನ್ನ ತಲೆಯ ಮೇಲೆ ಕೈಯಿಟ್ಟರು. “ನನ್ನ ತಮ್ಮನನ್ನು ಕೂಗ್ಲಿಕ್ಕೆ ದಡದಲ್ಲಿ ಯಾರೂ ಇರ್ಲಿಲ್ಲ,” ಅಂದರು. ಮತ್ತೆ ಕಣ್ಣೊರೆಸಿಕೊಂಡು, “ಬರುವ ವಾರ ನಾನು ಹೋದ್ರೆ ನಿನ್ನನ್ನು ಹೆದರಿಸುದು ಯಾರು? ವೀಸಾ ಇನ್ನೊಂದು ತಿಂಗಳು ಮಾಡಿಸು,” ಅಂದರು.

ಮರುದಿನ ವೀಸಾ ಅರ್ಜಿ ತುಂಬಿಸಿಕೊಡುವ ಟೈಪಿಂಗ್ ಸೆಂಟರಿನಲ್ಲಿ ಅವರ ಪಾಸ್‌ಪೋರ್ಟ್ ಕೊಟ್ಟೆ. “ಒಂದು ತಿಂಗಳು ಸಾಕಾ?” ಎಂದು ಕೇಳಿದರು ಅಲ್ಲಿಯವರು.

“ಮಳೆಗಾಲ ಪೂರಾ ಮುಗಿಯುವವರೆಗೆ ಸಿಗ್ಲಿಕ್ಕಿಲ್ವಾ?” ಅಂದೆ.