ಲೇತ್ ಮುಂದೆ ಕನಸು, ಏರಿ ಮೇಲೆ ಓಟ

ಕನಸು ಕಾಣೋ ಅಭ್ಯಾಸ ಇರೋರು ಓಡಬಾರದು, ಓಡೋ ಅಭ್ಯಾಸ ಇರೋರು ಮೆಷಿನ್ ಮುಂದೆ ನಿಲ್ಲಬಾರದು ಅಂತ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ನನ್ನ ಹಣೆಗೆ ಮೂರೂ ಒಟ್ಟಿಗೆ ಅಂಟಿಕೊಂಡವು. ತುಮಕೂರಿನ ಒಂದು ಕಾಲೇಜಿನಲ್ಲಿ ನಾಲ್ಕು ವರ್ಷ ಮ್ಯಾನುಫ್ಯಾಕ್ಚರಿಂಗ್ ಎಂಜಿನಿಯರಿಂಗ್ ಓದಿದೆ. ಅದೇ ನಾಲ್ಕು ವರ್ಷ ಕಾಲೇಜಿನ ಪರವಾಗಿ ದೂರದ ಓಟ ಓಡಿದೆ. ಬೆಳಗ್ಗೆ ಹತ್ತು ಕಿಲೋಮೀಟರ್ ಓಡಿ, ಬಿಸಿನೀರು ಹುಯ್ದುಕೊಂಡು, ಹೊಟ್ಟೆ ತುಂಬ ಚಿತ್ರಾನ್ನ ತಿಂದು ಕ್ಲಾಸಿನಲ್ಲಿ ಕೂತರೆ ಮೈ ಮಾತ್ರ ಬೆಂಚಿನ ಮೇಲಿರುತ್ತಿತ್ತು. ಮನಸ್ಸು ಇನ್ನೂ ರಸ್ತೆಯಲ್ಲೇ ತೇಲುತ್ತಿರುತ್ತಿತ್ತು. ಹಾಗಾಗಿ ಈಗ ಹೇಳೋ ಇಂಥವೆಲ್ಲ ಆಗ್ತಾನೇ ಇದ್ದವು. ನಾನೇನೂ ಹುಡುಕಿಕೊಂಡು ಹೋದದ್ದಲ್ಲ.

ಕ್ಯಾತ್ಸಂದ್ರದಲ್ಲಿ ಏನು ಕೆಲಸ

ಮೊದಲನೇ ವರ್ಷ ಬಟವಾಡಿಯಲ್ಲಿ ರೂಮು ಮಾಡಿಕೊಂಡಿದ್ದೆ. ಬೆಳಕು ಹರಿಯೋ ಹೊತ್ತಿಗೆ ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ ಓಡೋಕೆ ಹೊರಡುತ್ತಿದ್ದೆ. ಆ ಹೊತ್ತಿನಲ್ಲಿ ರಸ್ತೆ ಬೇರೆಯೇ ಊರಿನ ರಸ್ತೆ ಥರ ಇರುತ್ತೆ. ಅಂಗಡಿಗಳ ಷಟರ್ ಮುಚ್ಚಿರುತ್ತವೆ, ಲಾರಿಗಳ ಸದ್ದು ದೂರದಲ್ಲೆಲ್ಲೋ ಹೊಳೆ ಹರಿದ ಹಾಗೆ ಕೇಳುತ್ತೆ, ನಮ್ಮ ಉಸಿರು ನಮಗೇ ಜೊತೆ.

ಒಂದು ದಿನ ಹಾಗೆ ಮೈಮರೆತು ಓಡುತ್ತಿದ್ದಾಗ ಪಕ್ಕದಲ್ಲೇ ಒಂದು ಆಟೋ ಬರೋಕೆ ಶುರುವಾಯಿತು. ನಾನು ಜೋರು ಮಾಡಿದರೆ ಅದೂ ಜೋರು, ನಿಧಾನ ಮಾಡಿದರೆ ಅದೂ ನಿಧಾನ. ಭಯವಾಗಿ ತಿರುಗಿ ನೋಡಿದೆ. ನಮ್ಮಪ್ಪನ ವಯಸ್ಸಿನ ಒಬ್ಬರು ಕಳವಳದಿಂದ ನನ್ನನ್ನೇ ನೋಡುತ್ತಿದ್ದರು. ಬಸ್ಸು ತಪ್ಪಿಸಿಕೊಂಡು ಓಡ್ತಿದೀನಿ ಅಂದುಕೊಂಡಿದ್ದರಂತೆ. ಹತ್ತು ತಾಯಿ, ಮುಂದಿನ ಸ್ಟಾಪಲ್ಲಿ ಹಿಡುಸ್ತೀನಿ ಅಂದರು. ಬಸ್ಸಿಗಲ್ಲ ಅಣ್ಣ, ಸುಮ್ನೆ ಕ್ಯಾತ್ಸಂದ್ರದ ತನಕ ಓಡಿ ವಾಪಸ್ ಇಲ್ಲಿಗೇ ಬರ್ತೀನಿ ಅಂದೆ. ಕ್ಯಾತ್ಸಂದ್ರದಲ್ಲಿ ಏನು ಕೆಲಸ ಅಂತ ಕೇಳಿದರು. ಏನೂ ಇಲ್ಲ ಅಂದೆ.

ಸ್ವಲ್ಪ ದೂರ ಯೋಚನೆ ಮಾಡುತ್ತಾ ಜೊತೆಗೇ ಬಂದರು. ಆಮೇಲೆ ಬಹಳ ಮೆತ್ತಗೆ, ನನಗೆ ಬೇಜಾರಾಗಬಾರದು ಅನ್ನೋ ಹಾಗೆ ಹೇಳಿದರು.

"ಹಂಗಾದ್ರೆ ಇಲ್ಲೇ ಇದ್ಬುಡ್ಬೋದಿತ್ತಲ್ಲವ್ವ."

ಸಿಪ್ಪೆ

ಎರಡನೇ ವರ್ಷ ಲೇತ್ ಲ್ಯಾಬ್ ಶುರುವಾಯಿತು. ಅಲ್ಲಿನ ಇನ್‌ಸ್ಟ್ರಕ್ಟರ್ ರಿಟೈರ್ ಆಗೋಕೆ ಹತ್ತಿರವಿದ್ದವರು. ಮೆಷಿನ್ನಿಗೆ ಬೆನ್ನು ಹಾಕಿ ನಿಂತು, ಸದ್ದು ಕೇಳಿಯೇ ಯಾರು ತಪ್ಪು ಮಾಡುತ್ತಿದ್ದಾರೆ ಅಂತ ಹೇಳೋರು. ಅವತ್ತು ಕೊಟ್ಟ ಕೆಲಸ ಸುಲಭದ್ದು. ಹೆಬ್ಬೆರಳು ದಪ್ಪದ ಕಬ್ಬಿಣದ ಸರಳನ್ನು ಲೇತಿಗೆ ಕಟ್ಟಿ, ಅದು ಗಿರ್ರನೆ ತಿರುಗುವಾಗ ಸ್ವಲ್ಪ ಸ್ವಲ್ಪವೇ ಕೆತ್ತಿ, ಕಿರುಬೆರಳು ದಪ್ಪದ ಶಾಫ್ಟ್ ಮಾಡಬೇಕು.

ಕೆತ್ತುವಾಗ ಕಬ್ಬಿಣದ ಸಿಪ್ಪೆ ನೀಲಿ ಬಣ್ಣಕ್ಕೆ ತಿರುಗಿ, ಸುರುಳಿ ಸುರುಳಿಯಾಗಿ ಏಳುತ್ತೆ. ಬಿಸಿ ಆರಿಸೋಕೆ ಮೇಲಿಂದ ಹಾಲಿನಂಥ ಕೂಲೆಂಟ್ ನೀರು ಸುರಿಯುತ್ತಾ ಇರುತ್ತೆ. ಮೆಷಿನ್ನು ಒಂದೇ ಸಮ ಜೋಗುಳ ಹಾಡುತ್ತೆ. ಬೆಳಗ್ಗೆ ಓಡಿ ಬಂದ ಕಾಲು ಬೇರೆ. ನಾನು ಸುರುಳಿಗಳನ್ನು ನೋಡುತ್ತಾ ನೋಡುತ್ತಾ ಯಾವುದೋ ದೊಡ್ಡ ಮೈದಾನದಲ್ಲಿ ಕೊನೇ ತಿರುವು ತಿರುಗುತ್ತಿದ್ದೆ. ಜನ ಎದ್ದು ನಿಂತಿದ್ದರು. ಕೈ ಮಾತ್ರ ಅದರ ಪಾಡಿಗೆ ಕೆತ್ತುತ್ತಲೇ ಇತ್ತು.

ಎಚ್ಚರವಾದಾಗ ಮೆಷಿನ್ ನಿಂತಿತ್ತು. ನಿಲ್ಲಿಸಿದವರು ಇನ್‌ಸ್ಟ್ರಕ್ಟರ್. ಲೇತಿನಲ್ಲಿ ಪೆನ್ನಿನ ರೀಫಿಲ್ ದಪ್ಪದ ಒಂದು ಕಡ್ಡಿ ಉಳಿದಿತ್ತು. ಅವರು ಬೈಯಲಿಲ್ಲ. ಕಡ್ಡಿಯನ್ನು ಬಿಚ್ಚಿ, ವರ್ನಿಯರ್‌ನಲ್ಲಿ ಅಳೆದು, ಮಿಕ್ಕಿದ್ದು ಎಲ್ಲಿ ಅಂತ ಕೇಳಿದರು. ನಾನು ಕೆಳಗಿನ ಟ್ರೇ ತೋರಿಸಿದೆ. ಅಲ್ಲಿ ಸಿಪ್ಪೆಯ ರಾಶಿ ಮಲ್ಲಿಗೆ ಕುಕ್ಕೆ ಥರ ತುಂಬಿತ್ತು.

"ನೀನು ಮಾಡಿರೋದು ಸಿಪ್ಪೆ ಕಣಮ್ಮ," ಅಂದರು. "ಶಾಫ್ಟು ವೇಸ್ಟಾಗಿ ಉಳ್ಕೊಂಡಿದೆ, ಅಷ್ಟೆ."

ಆ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಮುಂದಿನ ವಾರ ನೋಡಿದರೆ ಮೆಷಿನ್‌ಗಳ ಎಣ್ಣೆ ತೂತಿನಲ್ಲಿ ಕಟ್ಟಿದ ಗಸಿ ತೆಗೆಯೋಕೆ ಅದನ್ನೇ ಇಟ್ಟುಕೊಂಡಿದ್ದರು. ನಮ್ಮ ಬ್ಯಾಚಿನ ಅಷ್ಟೂ ಜನ ಮಾಡಿದ ಶಾಫ್ಟುಗಳು ಗುಜರಿಗೆ ಹೋದವು. ಉಪಯೋಗಕ್ಕೆ ಬಂದದ್ದು ನನ್ನದೊಂದೇ.

ಹನ್ನೆರಡೂವರೆ ರೌಂಡು

ಆ ವರ್ಷದ ವೈವಾ ಪರೀಕ್ಷೆ, ಗ್ರೌಂಡನ್ನು ಹನ್ನೆರಡೂವರೆ ಸಲ ಸುತ್ತಿ ಐದು ಸಾವಿರ ಮೀಟರ್ ಓಡಿದ ಮಾರನೇ ದಿನವೇ ಬಿತ್ತು. ಕಾಲು ಕೊರಡಾಗಿದ್ದವು. ಹೊರಗಿನಿಂದ ಬಂದ ಪರೀಕ್ಷಕರು ಬಹಳ ಸಾಧು ಮನುಷ್ಯ. ಫ್ಯಾನಿನ ಗಾಳಿ ತಣ್ಣಗೆ ಬೀಸುತ್ತಿತ್ತು. ನನ್ನ ಕಣ್ಣು ತೆರೆದೇ ಇತ್ತು, ಆದರೆ ಒಳಗೆ ಯಾರೂ ಇರಲಿಲ್ಲ.

ಟಾಲರೆನ್ಸ್ ಅಂದರೆ ಏನಮ್ಮ ಅಂತ ಕೇಳಿದರು. ಒಂದು ಬಿಡಿಭಾಗದ ಅಳತೆ ಎಷ್ಟು ಹೆಚ್ಚು ಕಮ್ಮಿಯಾದರೆ ಪರವಾಗಿಲ್ಲ ಅನ್ನೋ ಮಿತಿ ಅದು. ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದೇ ಪದವನ್ನು ನಮ್ಮ ಪಿ.ಟಿ. ಮೇಷ್ಟ್ರು ದಿನಾ ಬೆಳಗ್ಗೆ ಗ್ರೌಂಡಿನಲ್ಲಿ ಬೇರೆ ಅರ್ಥದಲ್ಲಿ ಕೂಗೋರು. ನನ್ನ ಬಾಯಿಗೆ ಅದೇ ಬಂತು. ಎಷ್ಟೇ ನೋವಾದರೂ ಹಲ್ಲು ಕಚ್ಚಿಕೊಂಡು ಬಿಡದೆ ಹೋಗೋದು ಸಾರ್ ಅಂದುಬಿಟ್ಟೆ.

ಪಕ್ಕದಲ್ಲಿದ್ದ ನಮ್ಮ ಲೆಕ್ಚರರ್ ತಲೆ ತಗ್ಗಿಸಿದರು. ಪರೀಕ್ಷಕರು ಮಾತ್ರ ಆಸಕ್ತಿಯಿಂದ ಮುಂದಕ್ಕೆ ಬಾಗಿ, ಅದಕ್ಕೊಂದು ಲಿಮಿಟ್ ಇರಬೇಕಲ್ಲ, ಎಷ್ಟು ಅಂತ ಕೇಳಿದರು. ಹನ್ನೆರಡೂವರೆ ರೌಂಡು ಸಾರ್ ಅಂದೆ.

ಅವರು ನಕ್ಕು, ಅರ್ಧ ಹಾಕೋಕೆ ಬರಲ್ಲಮ್ಮ ಅಂತ ಇಪ್ಪತ್ತಕ್ಕೆ ಹದಿಮೂರು ಹಾಕಿ ಕಳಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಹೊಳೆಯಿತು. ಹತ್ತು ಸಾವಿರ ಮೀಟರ್ ಲೆಕ್ಕದಲ್ಲಿ ಹೇಳಿದ್ದರೆ ಇಪ್ಪತ್ತೈದು ಆಗುತ್ತಿತ್ತು.

ಗುಬ್ಬಿಯ ತಟ್ಟೆಗಳು

ಮೂರನೇ ವರ್ಷ ಪ್ರಾಜೆಕ್ಟಿಗೆ ಅಂತ ಗುಬ್ಬಿ ಪಕ್ಕದ ಒಂದು ಶೆಡ್ಡಿಗೆ ಹೋಗುತ್ತಿದ್ದೆ. ಅಲ್ಲಿ ಹಾಳೆ ತಟ್ಟೆ ಮಾಡುತ್ತಿದ್ದರು. ನೆನೆಸಿದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿಟ್ಟು ಒತ್ತಿದರೆ ತಟ್ಟೆಯಾಗಿ ಬರುತ್ತೆ. ಒಬ್ಬರು ಅಕ್ಕ, ಒಬ್ಬರು ಅಜ್ಜಿ, ಎರಡು ಮೆಷಿನ್ನು. ಮಧ್ಯಾಹ್ನದ ಬಿಸಿಲು ತಗಡಿನ ತೂತಿನಿಂದ ಕೋಲು ಕೋಲಾಗಿ ಇಳಿಯುತ್ತಿತ್ತು, ಬೆಂದ ಹಾಳೆಯ ವಾಸನೆ ಹಬ್ಬದಡುಗೆ ಥರ ಇರುತ್ತಿತ್ತು. ಒಂದು ತಟ್ಟೆಗೆ ಎಷ್ಟು ಸೆಕೆಂಡು ಹಿಡಿಯುತ್ತೆ ಅಂತ ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳೋದು ನನ್ನ ಕೆಲಸ. ಬಾಯಿ ಮುಚ್ಚಿಕೊಂಡು ನಿಲ್ಲಬೇಕು ಅಂತ ಕಾಲೇಜಿನ ಪ್ರಾಜೆಕ್ಟ್ ಗೈಡು ಎಚ್ಚರಿಕೆ ಕೊಟ್ಟಿದ್ದರು.

ಆದರೆ ಸ್ಟಾಪ್‌ವಾಚ್ ಕೈಗೆ ಬಂದರೆ ನನಗೆ ಗ್ರೌಂಡೇ ಕಾಣೋದು. ಎರಡನೇ ದಿನ ನನಗೇ ಅರಿವಿಲ್ಲದೆ, ಅಕ್ಕ ಎರಡು ಸೆಕೆಂಡು ಹಿಂದಿದೀರ, ಬನ್ನಿ ಬನ್ನಿ ಅಂತ ಕೂಗಿಬಿಟ್ಟೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅದನ್ನು ನೋಡಿ ಅಜ್ಜಿ ಎಲೆ ಅಡಿಕೆ ಉಗಿದು ಬಂದು ನಿಂತರು. ಆಮೇಲೆ ನಾನು ಸಾಕು ಅಂದರೂ ಇಬ್ಬರೂ ನಿಲ್ಲಲಿಲ್ಲ. ದಿನಪೂರ್ತಿ ಆಗಬೇಕಾದ ತಟ್ಟೆ ಊಟದ ಹೊತ್ತಿಗೇ ಆಗಿಹೋಯಿತು. ನೆನೆಸಿಟ್ಟಿದ್ದ ಹಾಳೆಯೂ ಮುಗಿದುಹೋಯಿತು. ಹೊಸದಾಗಿ ನೆನೆಯೋಕೆ ಹೊತ್ತು ಬೇಕು. ಮಧ್ಯಾಹ್ನವೆಲ್ಲ ಇಬ್ಬರೂ ಗೋಡೆಗೊರಗಿ ಕಣ್ಣು ಮುಚ್ಚಿದರು. ಅವರ ಪಕ್ಕ ನಾನೂ ಒರಗಿದೆ.

ಸಂಜೆ ಶೆಡ್ಡಿನ ಮಾಲೀಕರು ಬಂದು ತಟ್ಟೆಯ ರಾಶಿ ನೋಡಿದರು, ಮಲಗಿದ್ದ ನಮ್ಮ ಮೂವರನ್ನೂ ನೋಡಿದರು. ಗೆದ್ದೋರು ಯಾರು ಅಂತ ಮೆಲ್ಲಗೆ ಕೇಳಿದರು. ಅಜ್ಜಿ ಕಣ್ಣು ತೆರೆಯದೇ ಕೈ ಎತ್ತಿದರು.

ಕುಣಿಗಲ್ ಕೆರೆ ಏರಿ

ಕೊನೇ ವರ್ಷ ಕುಣಿಗಲ್‌ನಲ್ಲಿ ರಸ್ತೆ ಓಟ. ಮೊದಲು ಬಂದ ಆರು ಜನ ಯೂನಿವರ್ಸಿಟಿ ತಂಡಕ್ಕೆ ಹೋಗುತ್ತಾರೆ. ನನಗದು ಕೊನೇ ಅವಕಾಶ. ಹೆಬ್ಬೂರಿನಿಂದ ಅಮ್ಮ ಬಸ್ ಹತ್ತಿ ಬಂದಿದ್ದಳು. ನಾನು ಓಡೋದನ್ನು ಅಮ್ಮ ಒಂದು ಸಲವೂ ನೋಡಿರಲಿಲ್ಲ. ಈ ಸಲವೂ ಏನೂ ಬರದಿದ್ದರೆ ಇದನ್ನೆಲ್ಲ ಬುಟ್ಟು ಓದ್ಕೊಂಡಿರು ಅಂತ ಹಿಂದಿನ ದಿನ ಫೋನಿನಲ್ಲೇ ಹೇಳಿದ್ದಳು.

ನಮ್ಮ ತಂಡಕ್ಕೆ ಒಬ್ಬಳು ಕಮ್ಮಿಯಾಗಿ, ಪಿ.ಟಿ. ಮೇಷ್ಟ್ರು ಸಿವಿಲ್ ವಿಭಾಗದ ಒಬ್ಬ ಜೂನಿಯರ್ ಹುಡುಗಿಯನ್ನು ಕರೆತಂದಿದ್ದರು. ಓಡಿದರೆ ಹಾಜರಿ ಸಿಗುತ್ತೆ ಅಂತ ಬಂದಿದ್ದವಳು. ಮೊದಲ ತಿರುವಿನಲ್ಲೇ ಅವಳು ಎಲ್ಲರಿಗಿಂತ ಹಿಂದೆ ಬಿದ್ದು ಕಣ್ಮರೆಯಾದಳು.

ಏರಿ ಮೇಲೆ ದಟ್ಟ ಮಂಜು. ಕೆರೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗುತ್ತಿರಲಿಲ್ಲ. ಕುದುರೆ ಫಾರಂನ ಬೇಲಿಯಾಚೆ ಒಂದು ಕುದುರೆ ತಲೆಯೆತ್ತಿ ನೋಡಿ, ಮಂಜಿನೊಳಗೇ ಕರಗಿತು. ನಾನೇ ಎಲ್ಲರಿಗಿಂತ ಮುಂದಿದ್ದೆ. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನೋ ಹಾಗಿತ್ತು. ದಾರಿ ತೋರಿಸೋಕೆ ಹಳದಿ ಕೋಟಿನವರೊಬ್ಬರು ಬೈಕಿನಲ್ಲಿ ಮುಂದೆ ಹೋಗುತ್ತಿದ್ದರು. ರಸ್ತೆ ಮೇಲೆ ಸುಣ್ಣದಲ್ಲಿ ಬಾಣದ ಗುರುತೂ ಹಾಕಿದ್ದರು. ಬಾಣ ನೋಡೋರ್ಯಾರು, ನಾನು ಹಳದಿ ಕೋಟು ನೋಡಿಕೊಂಡು ಹೋದೆ. ಹದಿನಾಲ್ಕು ಹುಡುಗಿಯರು ನನ್ನ ಬೆನ್ನು ನೋಡಿಕೊಂಡು ಬಂದರು.

ಏರಿ ಇಳಿದ ಮೇಲೆ ಬೈಕು ಎಡಕ್ಕೆ ತಿರುಗಿತು. ನಾವೂ ತಿರುಗಿದೆವು. ಬೈಕಿನವರು ಒಂದು ಸಲ ಹಿಂದೆ ನೋಡಿ, ಗಾಬರಿಯಾದವರ ಹಾಗೆ ಜೋರು ಮಾಡಿದರು. ವೇಗ ಹೆಚ್ಚಿಸಬೇಕು ಅಂತ ಸೂಚನೆ ಕೊಡ್ತಿದಾರೆ ಅಂದುಕೊಂಡು ನಾನೂ ಜೋರು ಮಾಡಿದೆ. ಅವರು ಇನ್ನೂ ಜೋರು ಮಾಡಿದರು. ಕೊನೆಗೆ ಒಂದು ಮನೆಯಂಗಳಕ್ಕೆ ನುಗ್ಗಿ, ಬೈಕು ನಿಲ್ಲಿಸಿ, ಎರಡೂ ಕೈ ಮೇಲೆತ್ತಿ ನಿಂತರು. ಆಗ ನೋಡಿದರೆ ಕೋಟು ಹಳದಿಯೇ, ಮನುಷ್ಯ ಬೇರೆ. ಬೈಕಿನ ಎರಡೂ ಕಡೆ ಹಾಲಿನ ಕ್ಯಾನು.

ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಅವರ ಹೆಂಡತಿ ಎದ್ದು ನಿಂತರು. ಎದೆ ಮೇಲೆ ನಂಬರ್ ಚೀಟಿ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದ ನಮ್ಮನ್ನೆಲ್ಲ ಒಂದು ಕಡೆಯಿಂದ ನೋಡಿದರು.

"ಹಾಲಾಕಕ್ಕೆ ಅಂತ ಹೋದೋರು, ಇದೇನ್ರೀ ಇಷ್ಟೊಂದ್ ಹುಡ್ಗೀರ್ನ ಅಟ್ಟುಸ್ಕೊಂಡ್ ಬಂದಿದೀರಾ?"

"ನಾನೇನ್ ಮಾಡ್ಲಿ," ಅಂದರು ಅವರು. "ಎಷ್ಟ್ ಜೋರಾಗಿ ಬಂದ್ರೂ ಬುಡ್ಲಿಲ್ಲ ಕಣೆ."

ಅಲ್ಲಿಂದ ತಿರುಗಿ ಓಡಿದೆವು. ನನಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. ಮೈದಾನ ಮುಟ್ಟೋ ಹೊತ್ತಿಗೆ ಮಂಜು ಸರಿದು ಬಿಸಿಲು ಬಂದಿತ್ತು. ನಾನು ಎರಡನೆಯವಳಾದೆ, ತಂಡಕ್ಕೆ ಆಯ್ಕೆಯೂ ಆದೆ. ಮೊದಲು ಬಂದವಳು ಸಿವಿಲ್ ಹುಡುಗಿ. ಅವಳ ಮುಂದೆ ಯಾರೂ ಕಾಣದ್ದರಿಂದ ಪಾಪ ಸುಣ್ಣದ ಬಾಣಗಳನ್ನೇ ಓದಿಕೊಂಡು ಸರಿಯಾಗಿ ಬಂದಿದ್ದಳು. ಗೆಲ್ಲುವವರಿಗೆ ಅಂತ ಕಟ್ಟಿದ್ದ ಟೇಪು ಹಾಗೇ ಇದ್ದದ್ದು ನೋಡಿ, ಅದು ಹರಿದುಹೋಗಬಾರದು ಅಂತ ಬಗ್ಗಿ ಕೆಳಗಿನಿಂದ ನುಸುಳೋಕೆ ಹೊರಟಿದ್ದಳಂತೆ. ಲೇಟಾಯ್ತು ಸಾರ್, ಎಲ್ರೂ ಮುಗ್ಸಿ ಮನೆಗೋದ್ರಾ ಅಂತ ಕೇಳಿದಳಂತೆ. ನೀನೇ ಫಸ್ಟು, ಇನ್ನು ಯೂನಿವರ್ಸಿಟಿಗೆ ಓಡಬೇಕು ಅಂತ ಮೇಷ್ಟ್ರು ಅಂದಾಗ ಅಲ್ಲೇ ಕುಸಿದು ಕೂತಳಂತೆ.

ಅಮ್ಮ ಓಟ ಮುಗಿಯೋ ಗೆರೆಯ ಹತ್ತಿರವೇ ನಿಂತಿದ್ದಳು. ನನ್ನ ಮುಖ ಸೆರಗಿನಿಂದ ಒರೆಸುತ್ತಾ, ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ ಅಂತ ಕೇಳಿದಳು. ಮಂಜಲ್ಲಿ ದಾರಿ ತಪ್ಪಿ ಹಾಲಿನೋರ ಮನೆಗೆ ಹೋಗಿಬಿಟ್ಟಿದ್ವಮ್ಮ ಅಂದೆ.

ಅಮ್ಮ ನನ್ನ ಖಾಲಿ ಕೈ ನೋಡಿದಳು.

"ಅಲ್ಲಿಗಂಟ ಹೋದೋಳು ಒಂದ್ಲೀಟ್ರು ಹಾಲಾದ್ರೂ ತರ್ಬಾರ್ದೇನೆ?"