ಖಾಲಿ ಫ್ರೇಮಿಗೆ ಸಿಕ್ಕ ಮೀನು

ಈ ಸಲ ದೊಡ್ಡ ಬೆಳ್ಳಿಮೀನನ್ನು ಹೆಗಲ ಮೇಲೆ ಹೊತ್ತು ಫೋಟೋ ತೆಗೆಸಿಕೊಂಡೇ ಬರುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಘೋಷಿಸಿದ್ದಷ್ಟೇ ಅಲ್ಲ, ನಡುಮನೆಯ ಗೋಡೆಯಿಂದ ಮಾವನವರ ಫೋಟೋ ಇಳಿಸಿ, ಅದೇ ಮೊಳೆಗೆ ಖಾಲಿ ಫ್ರೇಮೊಂದನ್ನು ನೇತುಹಾಕಿದೆ! ನನ್ನಾಕೆ ಹೆರಿಗೆ ವಾರ್ಡಿನ ನರ್ಸು. ತನ್ನಪ್ಪನ ಫೋಟೋ ಒರೆಸಿ ಬೀರುವಿನಲ್ಲಿಟ್ಟಳು. ಭಾನುವಾರ ರಜೆ ಹಾಕಿ ತಾನೂ ದೋಣಿ ಹತ್ತಿದಳು. ಅಲ್ಲಿಗೇ ನನಗೆ ಅರ್ಥವಾಗಬೇಕಿತ್ತು.

ದೋಣಿಯವನದು ಒಂದೇ ಷರತ್ತು. ದೊಡ್ಡ ಮೀನನ್ನು ನೀರಿನಿಂದ ಎತ್ತುವಂತಿಲ್ಲ, ಪಕ್ಕದಲ್ಲೇ ಗಾಳ ಬಿಡಿಸಿ ಕಳಿಸಿಬಿಡಬೇಕು. ಎತ್ತಿದರೆ ಅದರ ಭಾರಕ್ಕೇ ಒಳಗೆಲ್ಲ ಪೆಟ್ಟಾಗುತ್ತದಂತೆ. ಮೊದಲು ಸಿಗಲಿ, ಆಮೇಲೆ ನೋಡೋಣ ಎಂದುಕೊಂಡು ಹೂಂಗುಟ್ಟಿದೆ.

ಸಿಕ್ಕಿತು! ನೀರು ಸೀಳಿಕೊಂಡು ನನಗಿಂತ ಉದ್ದದ ಮೀನು ಆಕಾಶಕ್ಕೆ ನೆಗೆಯಿತು. ಅಂಗೈಯಗಲದ ಹುರುಪೆಗಳೆಲ್ಲ ಬಿಸಿಲಿಗೆ ಒಟ್ಟಿಗೆ ಹೊಳೆದವು. ನನ್ನ ಜಂಭ ಅಲ್ಲೇ ಅರ್ಧ ಇಳಿಯಿತು. ತೋಳು ಸೋತು ಹೋಗುವಷ್ಟು ಎಳೆದಾಡಿದ ಮೇಲೆ ಅದು ದೋಣಿಯ ಪಕ್ಕಕ್ಕೆ ಬಂದು, ಬಾಯಿ ಮೇಲೆತ್ತಿ, ನಮ್ಮ ಹಾಗೆಯೇ ಗಾಳಿ ಎಳೆದುಕೊಂಡಿತು. ಈ ಜಾತಿಯ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತದಂತೆ. ಮೀನು ಉಸಿರಾಡಿದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆದರೂ ಫ್ರೇಮು ನೆನಪಾಯಿತಲ್ಲ! ಎರಡೂ ಕೈ ಚಾಚಿ ಎತ್ತಲು ಬಗ್ಗಿದೆ.

“ರೀ, ಕೈ ತೆಗೀರಿ. ಹೊಟ್ಟೆ ನೋಡಿ, ಮೊಟ್ಟೆ ತುಂಬಿದೆ. ಬಸುರೀನ ಹೀಗಾ ಎತ್ತೋದು?”

ವಾರ್ಡಿನಲ್ಲಿ ಗಂಡಂದಿರನ್ನು ಹೊರಗೆ ಅಟ್ಟುವ ದನಿ ಅದು. ಬೆಚ್ಚಿದೆ, ಕಾಲು ಜಾರಿತು. ಮೀನು ಮೇಲೆ ಬರಲಿಲ್ಲ, ನಾನೇ ಕೆಳಗೆ ಹೋದೆ!

ಲೈಫ್ ಜಾಕೆಟ್ಟು ನನ್ನನ್ನು ಮೀನಿನ ಮುಖದ ಪಕ್ಕದಲ್ಲೇ ತೇಲಿಸಿತು. ದೋಣಿಯವನು ಗಾಳವನ್ನೇನೋ ಬಿಡಿಸಿದ. ಆದರೆ ದಣಿದ ಮೀನು ಈಜದೆ ಪಕ್ಕಕ್ಕೆ ವಾಲತೊಡಗಿತು.

“ದವಡೆ ಹಿಡ್ಕೊಂಡು ನೇರ ಇಡಿ,” ಎಂದಳು ನನ್ನಾಕೆ. “ಕಿವಿರಿಗೆ ನೀರು ಹೋಗ್ಲಿ.”

ಒಂದು ಕೈಯಲ್ಲಿ ದೋಣಿ, ಇನ್ನೊಂದರಲ್ಲಿ ಮೀನು. ದೋಣಿಯವನು ಮೆಲ್ಲಗೆ ಹುಟ್ಟು ಹಾಕಿದ. ಆ ದೊಡ್ಡ ಕಣ್ಣು ನನ್ನನ್ನೇ ನೋಡುತ್ತಿತ್ತು. ಫೋಟೋ ಬೇಡ, ಫ್ರೇಮೂ ಬೇಡ, ಇದೊಂದು ಬದುಕಿಕೊಳ್ಳಲಿ ಎಂದು ಬೇಡಿಕೊಂಡೆ. ಬಾಲ ಒಮ್ಮೆ ಅದುರಿತು. ಕೆನ್ನೆಗೆ ಒಂದು ಏಟು ಬಿತ್ತು, ಮೀನು ಮಾಯ! ಕಣ್ಣು ತುಂಬಿ ಬಂತು. ಸಮುದ್ರದ ನೀರು ಎಂದು ಹೇಳಿಬಿಟ್ಟೆ.

ಈಗ ಮಾವನವರು ತಮ್ಮ ಮೊಳೆಗೆ ಮರಳಿದ್ದಾರೆ. ಅವರ ಕೆಳಗೆ ನನ್ನ ಫ್ರೇಮು. ಒಳಗಿರುವುದು ನನ್ನಾಕೆ ತೆಗೆದ ಫೋಟೋ: ಒಂದಿಷ್ಟು ನೀರು, ನಡುವೆ ಬಾಯಿ ತೆರೆದುಕೊಂಡು ತೇಲುತ್ತಿರುವ ನಾನು. ಬಂದವರೆಲ್ಲ ಮೀನೆಲ್ಲಿ ಎಂದು ಕೇಳುತ್ತಾರೆ.

“ದೊಡ್ಡದನ್ನ ಬಿಟ್ಟು ಬಂದ್ವಿ,” ಅನ್ನುತ್ತಾಳೆ ಅವಳು. “ಇದನ್ನೂ ಬಿಟ್ಟು ನೋಡ್ದೆ, ಹೋಗ್ಲಿಲ್ಲ.”